ಈಜಿಪ್ಟಿನ ‘ರಾ’ದಿಂದ ಬೆಳ್ವೊಲದ ‘ಅರ್ಕ’ದವರೆಗೆ: ಸೂರ್ಯದೇವನ ಹೆಸರು ಮತ್ತು ಅರ್ಥ

ಧಾರವಾಡ ಜಿಲ್ಲೆಯ ಅಣ್ಣಿಗೇರಿ, ನವಲಗುಂದ, ಕುಂದಗೋಳ ಭಾಗದ ಹಳೆಯ ದಾನಶಾಸನಗಳನ್ನು ಕಂಡವರಿಗೆ ಒಂದು ಚಿತ್ರ ಪರಿಚಿತವಾಗಿರುತ್ತದೆ. ಕಲ್ಲಿನ ತುದಿಯಲ್ಲಿ ಒಂದು ಕಡೆ ದುಂಡನೆಯ ಬಿಲ್ಲೆ, ಇನ್ನೊಂದು ಕಡೆ ಬಾಗಿದ ಗೆರೆ. ನಡುವೆ ಶಿವಲಿಂಗವೋ ಜಿನಬಿಂಬವೋ ಇದ್ದು, ಪಕ್ಕದಲ್ಲಿ ಕರುವಿಗೆ ಹಾಲೂಡುವ ಹಸುವೊಂದು ನಿಂತಿರುತ್ತದೆ. ಅದರ ಕೆಳಗೆ ಸಾಲು ಸಾಲು ಹಳಗನ್ನಡ ಅಕ್ಷರಗಳು. ದುಂಡನೆಯ ಬಿಲ್ಲೆಯೇ ಸೂರ್ಯ, ಬಾಗಿದ ಗೆರೆಯೇ ಚಂದ್ರ. ಗುಡಿ ಶಿವನದಾಗಿರಲಿ, ಬಸದಿ ಜಿನನದಾಗಿರಲಿ, ದಾನ ಕೊಟ್ಟವನು ಅರಸನಾಗಿರಲಿ, ಊರಗೌಡನಾಗಿರಲಿ, ಈ ಜೋಡಿ ತಪ್ಪುವುದು ವಿರಳ.

ಪ್ರಾಚೀನ ಜಗತ್ತಿನಲ್ಲಿ ಸೂರ್ಯನನ್ನು ದೇವರೆಂದು ಪೂಜಿಸದ ನಾಡು ಇಲ್ಲವೆಂದೇ ಹೇಳಬೇಕು. ಈಜಿಪ್ಟಿನಲ್ಲಿ ಅವನು ‘ರಾ’ ಎಂಬ ಹೆಸರಿನಿಂದ ದೇವಗಣಕ್ಕೇ ಒಡೆಯನಾದ. ಕನ್ನಡ ನಾಡಿನಲ್ಲಿ ಅವನ ಪಾಲಿಗೆ ಬಂದ ಗುಡಿಗಳು ಕೆಲವೇ ಕೆಲವು. ಆದರೆ ಇಲ್ಲಿ ಅವನಿಗೆ ಬೇರೊಂದು ಕೆಲಸ ಒಪ್ಪಿಸಲಾಯಿತು. ಅದು ಸಾಕ್ಷಿ ನಿಲ್ಲುವ ಕೆಲಸ. ಕೊಟ್ಟ ಮಾತಿಗೆ, ಬಿಟ್ಟ ಹೊಲಕ್ಕೆ, ನಡೆಸಬೇಕಾದ ಧರ್ಮಕ್ಕೆ ಸೂರ್ಯನ ಹೆಸರೇ ಮುದ್ರೆಯಾಯಿತು. ಈ ಹೆಸರುಗಳ ಮೂಲ, ಅರ್ಥ ಮತ್ತು ಬಳಕೆಯ ಸ್ಥೂಲ ಪರಿಚಯ ಇಲ್ಲಿದೆ.

‘ರಾ’ ಮತ್ತು ‘ರವಿ’ ಒಂದೇ ಅಲ್ಲ

ಈಜಿಪ್ಟಿನ ‘ರಾ’ ಮತ್ತು ನಮ್ಮ ‘ರವಿ’ ಒಂದೇ ಮೂಲದ ಶಬ್ದಗಳೆಂಬ ಮಾತು ಆಗಾಗ ಕೇಳಿ ಬರುತ್ತದೆ. ಕಿವಿಗೆ ಹಿತವಾಗಿ ಕೇಳಿಸಿದರೂ ಭಾಷಾಶಾಸ್ತ್ರದಲ್ಲಿ ಇದಕ್ಕೆ ಆಧಾರವಿಲ್ಲ.

ಪ್ರಾಚೀನ ಈಜಿಪ್ಟಿನ ಲಿಪಿಯಲ್ಲಿ ಸ್ವರಗಳನ್ನು ಬರೆಯುವ ಪದ್ಧತಿ ಇರಲಿಲ್ಲ. ಸೂರ್ಯನ ಹೆಸರನ್ನು ಬಿಡಿಸಿ ಬರೆಯುವಾಗ ಬಾಯಿಯ ಚಿತ್ರ, ಮುಂಗೈಯ ಚಿತ್ರ, ಕೊನೆಗೆ ಅರ್ಥಸೂಚಕವಾಗಿ ಸೂರ್ಯಬಿಂಬದ ಚಿತ್ರ ಬರೆಯುತ್ತಿದ್ದರು. ಬಾಯಿಯ ಚಿತ್ರ ರಕಾರವನ್ನೂ, ಮುಂಗೈಯ ಚಿತ್ರ ಅರಬ್ಬಿ ಭಾಷೆಯ ‘ಐನ್’ ಅಕ್ಷರದಂತಹ ಗಂಟಲಿನಿಂದ ಹೊರಡುವ ವ್ಯಂಜನವನ್ನೂ ಸೂಚಿಸುತ್ತದೆ. ಈ ಎರಡನೆಯ ಧ್ವನಿ ಕನ್ನಡದಲ್ಲಾಗಲಿ ಸಂಸ್ಕೃತದಲ್ಲಾಗಲಿ ಇಲ್ಲ. ಈಜಿಪ್ಟಿನ ಭಾಷೆಯ ಕೊನೆಯ ರೂಪವಾದ ಕಾಪ್ಟಿಕ್‌ನಲ್ಲಿ ಸೂರ್ಯನಿಗೆ ‘ರೇ’ ಎನ್ನುತ್ತಾರೆ. ಕ್ರಿಸ್ತಪೂರ್ವ 14ನೇ ಶತಮಾನದ ಅಮರ್ನಾ ಪತ್ರಗಳಲ್ಲಿ ಈಜಿಪ್ಟಿನ ಅರಸರ ಹೆಸರಿನ ಕೊನೆಯಲ್ಲಿ ಇದೇ ಶಬ್ದ ‘ರಿಯ’ ಎಂದು ಕಾಣಿಸುತ್ತದೆ. ‘ರಾ’ ಎಂಬುದು ಆಧುನಿಕ ವಿದ್ವಾಂಸರು ಅನುಕೂಲಕ್ಕಾಗಿ ರೂಢಿಸಿಕೊಂಡ ಉಚ್ಚಾರಣೆ ಮಾತ್ರ. ಈಜಿಪ್ಟಿನ ಭಾಷೆ ಅರಬ್ಬಿ, ಹೀಬ್ರೂ ಭಾಷೆಗಳ ದೂರದ ಬಂಧು. ‘ರವಿ’ ಸಂಸ್ಕೃತದ ಶಬ್ದವಾಗಿದ್ದು ಇಂಡೋ-ಯುರೋಪಿಯನ್ ವರ್ಗಕ್ಕೆ ಸೇರುತ್ತದೆ. ಎರಡೂ ರಕಾರದಿಂದ ಆರಂಭವಾಗುವುದು ಕೇವಲ ಕಾಕತಾಳೀಯ.

‘ರಾ’ ಶಬ್ದದ ಅರ್ಥವೇನು ಎಂಬ ಪ್ರಶ್ನೆಗೆ ಉತ್ತರ ಸರಳವಾಗಿದೆ. ಅದರ ಅರ್ಥ ಸೂರ್ಯ ಎಂದೇ. ಆಕಾಶದಲ್ಲಿ ಕಾಣುವ ಸೂರ್ಯನಿಗೂ ಗುಡಿಯಲ್ಲಿ ಪೂಜೆಗೊಳ್ಳುವ ದೇವರಿಗೂ ಈಜಿಪ್ಟಿನವರು ಬಳಸಿದ್ದು ಒಂದೇ ಮಾತು. ಹೊತ್ತಿಗೆ ತಕ್ಕಂತೆ ಬೇರೆ ರೂಪ, ಬೇರೆ ಹೆಸರು ಇದ್ದವು. ಮುಂಜಾನೆ ಮೂಡುವಾಗ ಅವನು ‘ಖೆಪ್ರಿ’, ಅಂದರೆ ಹುಟ್ಟಿ ಬರುವವನು, ನಡುಹಗಲಿನಲ್ಲಿ ‘ರಾ’, ಸಂಜೆ ಮುಳುಗುವಾಗ ‘ಆತುಮ್’, ಅಂದರೆ ಪೂರ್ಣಗೊಂಡವನು. ಅವನ ಪ್ರಧಾನ ಕ್ಷೇತ್ರವನ್ನು ಗ್ರೀಕರು ಹೀಲಿಯೊಪೊಲಿಸ್, ಅಂದರೆ ಸೂರ್ಯನಗರಿ ಎಂದು ಕರೆದರು. ಅದು ಇಂದಿನ ಕೈರೋ ನಗರದ ಭಾಗವಾಗಿದೆ.

ಈ ಹೆಸರು ಇನ್ನೊಂದು ಕಾರಣಕ್ಕೂ ಇತಿಹಾಸದಲ್ಲಿ ಮಹತ್ವ ಪಡೆದಿದೆ. 1822ರಲ್ಲಿ ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯನ್ ಈಜಿಪ್ಟಿನ ಚಿತ್ರಲಿಪಿಯನ್ನು ಓದಲು ಯತ್ನಿಸುತ್ತಿದ್ದಾಗ, ಅರಸನ ಹೆಸರಿರುವ ಚೌಕಟ್ಟೊಂದರಲ್ಲಿ ಮೊದಲಿಗೆ ದುಂಡನೆಯ ಬಿಲ್ಲೆಯನ್ನು ಕಂಡರು. ಅದು ಸೂರ್ಯ, ಕಾಪ್ಟಿಕ್‌ನಲ್ಲಿ ‘ರೇ’ ಎಂದು ಊಹಿಸಿ ಮುಂದಿನ ಅಕ್ಷರಗಳನ್ನು ಕೂಡಿಸಿದಾಗ ಹೊರಬಂದ ಹೆಸರು ‘ರಾಮ್ಸೆಸ್’. ಸಾವಿರಾರು ವರ್ಷ ಮೌನವಾಗಿದ್ದ ಲಿಪಿಯನ್ನು ಮಾತನಾಡಿಸಿದ ಬೀಗದ ಕೈಗಳಲ್ಲಿ ಸೂರ್ಯನ ಹೆಸರೂ ಒಂದು.

ಕನ್ನಡದ ಸ್ವಂತ ಹೆಸರು

ಈಜಿಪ್ಟಿನಲ್ಲಿ ಒಂದೇ ಶಬ್ದ ಮಾಡಿದ ಕೆಲಸವನ್ನು ಕನ್ನಡದಲ್ಲಿ ಎರಡು ಬಗೆಯ ಶಬ್ದಗಳು ಹಂಚಿಕೊಂಡಿವೆ. ಆಕಾಶದಲ್ಲಿ ದಿನವೂ ಕಾಣುವ ಸೂರ್ಯನಿಗೆ ದ್ರಾವಿಡ ಮೂಲದ ಹೆಸರುಗಳಿವೆ. ದೇವರೆಂದು ಭಾವಿಸಿದ ಸೂರ್ಯನಿಗೆ ಹೆಚ್ಚಾಗಿ ಸಂಸ್ಕೃತದ ಹೆಸರುಗಳಿವೆ.

ದೇಶ್ಯ ಹೆಸರುಗಳಲ್ಲಿ ಪ್ರಸಿದ್ಧವಾದುದು ‘ನೇಸರು’. ಹಳಗನ್ನಡದಲ್ಲಿ ಇದು ‘ನೇಸಱ್’. ತಮಿಳಿನ ‘ಞಾಯಿಱು’ ಇದರ ಸಹೋದರ ಶಬ್ದ. ತಮಿಳಿನಲ್ಲಿ ಇಂದಿಗೂ ರವಿವಾರದ ಹೆಸರು ಅದೇ ಆಗಿದೆ. ಕನ್ನಡದಲ್ಲಿ ಮಾತ್ರ ನೇಸರು ಆಡುಮಾತಿನಿಂದ ಬಹುಮಟ್ಟಿಗೆ ಸರಿದು ಕಾವ್ಯದ ಶಬ್ದವಾಗಿ ಉಳಿದಿದೆ.

ಧಾರವಾಡದ ಹಳ್ಳಿಗಳಲ್ಲಿ ಇಂದಿಗೂ ಜೀವಂತವಾಗಿರುವ ಮಾತು ‘ಹೊತ್ತು’. ‘ಹೊತ್ತು ಹುಟ್ಟಿತು’, ‘ಹೊತ್ತು ಏರಿತು’, ‘ಹೊತ್ತು ಮುಳುಗಿತು’ ಎನ್ನುವಾಗ ಅದು ಸೂರ್ಯ. ‘ಬಹಳ ಹೊತ್ತಾಯಿತು’, ‘ಊಟದ ಹೊತ್ತು’ ಎನ್ನುವಾಗ ಅದೇ ಶಬ್ದಕ್ಕೆ ಕಾಲ ಎಂಬ ಅರ್ಥ. ಹಳಗನ್ನಡದ ‘ಪೊೞ್ತು’, ತಮಿಳಿನ ‘ಪೊೞುದು’, ತೆಲುಗಿನ ‘ಪೊದ್ದು’ ಎಲ್ಲವೂ ಒಂದೇ ಬೇರಿನಿಂದ ಬಂದವು. ಗಡಿಯಾರವಿಲ್ಲದ ಕಾಲದಲ್ಲಿ ಸೂರ್ಯನೇ ಕಾಲವನ್ನು ಅಳೆಯುವ ಕೋಲಾಗಿದ್ದನೆಂಬುದಕ್ಕೆ ಈ ಒಂದು ಮಾತಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಸಂಸ್ಕೃತದಿಂದ ಬಂದ ಹೆಸರುಗಳು

‘ಸೂರ್ಯ’ ಎಂಬ ಶಬ್ದ ಬೆಳಕು, ಆಕಾಶ ಎಂಬ ಅರ್ಥದ ‘ಸ್ವರ್’ ಎಂಬ ವೈದಿಕ ಶಬ್ದಕ್ಕೆ ಸಂಬಂಧಿಸಿದ್ದು. ಗ್ರೀಕರ ‘ಹೀಲಿಯೊಸ್’, ಲ್ಯಾಟಿನ್ ಭಾಷೆಯ ‘ಸೋಲ್’ ಇದೇ ಮೂಲದಿಂದ ಕವಲೊಡೆದವು. ಹೀಗಾಗಿ ನಮ್ಮ ಸೂರ್ಯನಿಗೆ ಹೊರದೇಶದಲ್ಲಿ ನಿಜವಾದ ನೆಂಟರಿದ್ದರೆ ಅವರು ಇರುವುದು ಗ್ರೀಸ್ ಮತ್ತು ರೋಮ್‌ಗಳಲ್ಲಿ, ಈಜಿಪ್ಟಿನಲ್ಲಲ್ಲ.

‘ಆದಿತ್ಯ’ ಎಂದರೆ ಅದಿತಿಯ ಮಗ. ವೇದಗಳಲ್ಲಿ ಇದು ಒಬ್ಬನ ಹೆಸರಲ್ಲ. ಮಿತ್ರ, ವರುಣ, ಅರ್ಯಮ ಮೊದಲಾದವರ ಗುಂಪಿನ ಹೆಸರು. ನಂತರದ ಕಾಲದಲ್ಲಿ ತಿಂಗಳಿಗೊಬ್ಬನಂತೆ ದ್ವಾದಶಾದಿತ್ಯರ ಕಲ್ಪನೆ ಬೆಳೆಯಿತು. ಕೊನೆಗೆ ಆದಿತ್ಯ ಎಂದರೆ ಸೂರ್ಯನೇ ಎಂಬುದು ರೂಢಿಯಾಯಿತು. ‘ಸವಿತೃ’ ಎಂದರೆ ಪ್ರೇರಿಸುವವನು. ಗಾಯತ್ರಿ ಮಂತ್ರ ಸಂಬೋಧಿಸುವುದು ಈ ರೂಪವನ್ನು. ‘ದಿನಕರ’ ಹಗಲನ್ನು ಮಾಡುವವನು, ‘ಭಾಸ್ಕರ’ ಬೆಳಕನ್ನು ಮಾಡುವವನು.

‘ಅರ್ಕ’ ಎಂಬ ಹೆಸರು ಬೆಳಗು, ಸ್ತುತಿಸು ಎಂಬ ಅರ್ಥದ ಧಾತುವಿನಿಂದ ಬಂದಿದೆ. ಸಂಸ್ಕೃತದಲ್ಲಿ ಸೂರ್ಯನಿಗೂ ಎಕ್ಕದ ಗಿಡಕ್ಕೂ ಇದೇ ಹೆಸರು. ಮಾಘ ಶುದ್ಧ ಸಪ್ತಮಿಯಂದು ಬರುವ ರಥಸಪ್ತಮಿಯಲ್ಲಿ ಏಳು ಎಕ್ಕದ ಎಲೆಗಳನ್ನು ಮೈಮೇಲಿಟ್ಟುಕೊಂಡು ಸ್ನಾನ ಮಾಡುವ ಪದ್ಧತಿಗೆ ಈ ಹೆಸರಿನ ನಂಟೇ ಹಿನ್ನೆಲೆ. ಎಲೆಗಳ ಸಂಖ್ಯೆ ಸೂರ್ಯನ ರಥದ ಏಳು ಕುದುರೆಗಳನ್ನು ನೆನಪಿಸುತ್ತದೆ.

‘ಮಾರ್ತಾಂಡ’ ಎಂಬ ಹೆಸರಿನ ಹಿಂದೆ ಒಂದು ಕಥೆಯಿದೆ. ವೈದಿಕ ಪರಂಪರೆಯಂತೆ ಅದಿತಿಯ ಎಂಟನೆಯ ಮಗ ಇವನು. ಸತ್ತ ಅಂಡದಿಂದ ಹುಟ್ಟಿದವನೆಂಬುದು ಶಬ್ದದ ಅರ್ಥ. ಈ ಹೆಸರು ಬಯಲುಸೀಮೆಯ ಹಳ್ಳಿಗಳಲ್ಲಿ ಅನಿರೀಕ್ಷಿತವಾದ ಒಂದು ಕಡೆ ಬದುಕಿದೆ. ಅದನ್ನು ಮುಂದೆ ನೋಡಬಹುದು.

ಆಚಂದ್ರಾರ್ಕ: ಕಲ್ಲಿನ ಮೇಲಿನ ಮಾತು

ಅಣ್ಣಿಗೇರಿ ಒಂದು ಕಾಲಕ್ಕೆ ಬೆಳ್ವೊಲ-300 ಎಂಬ ನಾಡಿನ ಮುಖ್ಯ ಪಟ್ಟಣವಾಗಿತ್ತು. ಬೆಳ್ವೊಲವನ್ನು ‘ಬೆಳೆಯುವ ಹೊಲ’ ಎಂದು ಅರ್ಥೈಸುವ ರೂಢಿಯಿದೆ. ಹತ್ತಿ, ಜೋಳ, ಗೋಧಿ, ಕಡಲೆ ಬೆಳೆಯುವ ಎರೆಭೂಮಿಗೆ ಈ ಹೆಸರು ಒಪ್ಪುತ್ತದೆ. ಕಲ್ಯಾಣ ಚಾಲುಕ್ಯರ ಕೊನೆಯ ಅರಸ ನಾಲ್ಕನೆಯ ಸೋಮೇಶ್ವರನಿಗೆ 12ನೇ ಶತಮಾನದ ಕೊನೆಯಲ್ಲಿ ಅಣ್ಣಿಗೇರಿಯೇ ನೆಲೆಯಾಗಿತ್ತು. ಇಲ್ಲಿನ ಅಮೃತೇಶ್ವರ ದೇವಾಲಯ 1050ರ ಸುಮಾರಿನದು. ಬಳಪದ ಕಲ್ಲಿನಲ್ಲಿ ಕಟ್ಟಿದ ಆರಂಭಕಾಲದ ಚಾಲುಕ್ಯ ದೇಗುಲಗಳಲ್ಲಿ ಒಂದು.

ಈ ನಾಡಿನ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ನುಡಿಗಟ್ಟು ‘ಆಚಂದ್ರಾರ್ಕತಾರಂಬರಂ’. ಚಂದ್ರ, ಸೂರ್ಯ, ನಕ್ಷತ್ರಗಳು ಇರುವವರೆಗೆ ಎಂಬುದು ಅದರ ಅರ್ಥ. ಈ ಮಾತಿನ ಕಟ್ಟಣೆ ಕುತೂಹಲಕಾರಿಯಾಗಿದೆ. ಮೊದಲಲ್ಲಿರುವ ‘ಆ’ ಎಂಬ ಸಂಸ್ಕೃತದ ಉಪಸರ್ಗಕ್ಕೆ ‘ವರೆಗೆ’ ಎಂಬ ಅರ್ಥವಿದೆ. ಕೊನೆಯಲ್ಲಿರುವ ‘ಬರಂ’ ಎಂಬ ಹಳಗನ್ನಡದ ಮಾತಿಗೂ ‘ವರೆಗೆ’ ಎಂದೇ ಅರ್ಥ. ಶಾಸನ ಬರೆದವರು ಎರಡು ಭಾಷೆಗಳಲ್ಲಿ ಎರಡು ಸಲ ‘ವರೆಗೆ’ ಎಂದು ಹೇಳಿ, ನಡುವೆ ಸೂರ್ಯಚಂದ್ರರನ್ನು ಕಟ್ಟಿಹಾಕಿದ್ದಾರೆ.

ಇದು ಬರಿಯ ಅಲಂಕಾರವಾಗಿರಲಿಲ್ಲ. ದಾನವಾಗಿ ಬಿಟ್ಟ ಇಂತಿಷ್ಟು ಮತ್ತರು ಹೊಲ, ಎಣ್ಣೆಗಾಣದ ಆಯ, ಅಂಗಡಿಯ ಸುಂಕ, ಇವುಗಳಿಂದ ಗುಡಿಯ ನಂದಾದೀಪ ಉರಿಯಬೇಕು, ಮಠದ ವಿದ್ಯಾರ್ಥಿಗಳಿಗೆ ಊಟ ಸಿಗಬೇಕು, ಒಡೆದ ಕೆರೆಯ ಏರಿ ದುರಸ್ತಿಯಾಗಬೇಕು. ಕೊಟ್ಟವನು ಒಂದು ದಿನ ಸಾಯುತ್ತಾನೆ. ಅರಸು ಮನೆತನಗಳೂ ಅಳಿಯುತ್ತವೆ. ಆಗ ಆ ಹೊಲವನ್ನು ಕಸಿಯಲು ಬರುವವನನ್ನು ತಡೆಯುವವರು ಯಾರು? ಯಾರ ಆಳ್ವಿಕೆಯಲ್ಲೂ ಬದಲಾಗದ ಎರಡು ಸಾಕ್ಷಿಗಳನ್ನು ಕಲ್ಲಿನ ನೆತ್ತಿಯಲ್ಲಿ ನಿಲ್ಲಿಸುವುದೇ ಇದಕ್ಕೆ ಅಂದಿನವರು ಕಂಡುಕೊಂಡ ಉತ್ತರ. ಓದಲು ಬಾರದವನಿಗೂ ಬಿಲ್ಲೆ ಮತ್ತು ಬಾಗಿದ ಗೆರೆ ಅರ್ಥವಾಗುತ್ತಿದ್ದವು. ಈ ದಾನವನ್ನು ಅಳಿದವನಿಗೆ ಪುಣ್ಯಕ್ಷೇತ್ರದಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುತ್ತದೆಂಬ ಶಾಪವಾಕ್ಯ ಕೊನೆಗೆ ಸೇರುತ್ತಿತ್ತು.

ದಾನ ಕೊಡುವ ದಿನವನ್ನೂ ಸೂರ್ಯನೇ ಗೊತ್ತುಪಡಿಸುತ್ತಿದ್ದ. ಉತ್ತರಾಯಣ ಸಂಕ್ರಾಂತಿ ಮತ್ತು ಸೂರ್ಯಗ್ರಹಣ ಬಹಳ ಶಾಸನಗಳಲ್ಲಿ ಕಾಣುವ ಪುಣ್ಯಕಾಲಗಳು. ಇಂದಿನ ಇತಿಹಾಸಕಾರರಿಗೆ ಇದರಿಂದ ದೊಡ್ಡ ಉಪಕಾರವಾಗಿದೆ. ಶಾಸನದಲ್ಲಿ ಹೇಳಿದ ಶಕವರ್ಷ, ತಿಥಿ, ವಾರಗಳನ್ನು ಗ್ರಹಣದ ಗಣಿತದೊಂದಿಗೆ ಹೋಲಿಸಿ ಕಾಲವನ್ನು ಖಚಿತಪಡಿಸಲು ಸಾಧ್ಯವಾಗುತ್ತದೆ. 11ನೇ ಶತಮಾನದ ಶಾಸನಗಳ ಉತ್ತರಾಯಣ ಸಂಕ್ರಾಂತಿ ಡಿಸೆಂಬರ್ ಕೊನೆಯ ವಾರಕ್ಕೆ ಸಲ್ಲುತ್ತದೆ. ಇಂದು ಅದು ಜನವರಿ 14 ಅಥವಾ 15ಕ್ಕೆ ಬರುತ್ತಿದೆ. ಸಾವಿರ ವರ್ಷಗಳಲ್ಲಿ ಹಬ್ಬವೇ ಎರಡು ವಾರಗಳಷ್ಟು ಮುಂದೆ ಸರಿದಿರುವುದು ಈ ಕಲ್ಲುಗಳಿಂದ ತಿಳಿಯುತ್ತದೆ.

ಇಂತಹ ಲೆಕ್ಕ ಹಾಕುವ ಜೋಯಿಸರು ಅಣ್ಣಿಗೇರಿಯಲ್ಲಿದ್ದರು ಎಂಬುದಕ್ಕೆ ಸಾಹಿತ್ಯ ಚರಿತ್ರೆಯಲ್ಲೇ ಆಧಾರವಿದೆ. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ವಂಶದವಳು. ಈ ಸಂಗತಿಯನ್ನು ತಿಳಿಸುವುದು ಪಂಪನ ತಮ್ಮ ಜಿನವಲ್ಲಭ ಇಂದಿನ ತೆಲಂಗಾಣದ ಕುರಿಕ್ಯಾಲದ ಬಳಿ ಬರೆಸಿದ ಶಾಸನ. ಸೂರ್ಯಪುತ್ರ ಕರ್ಣನಿಗೆ ಕನ್ನಡ ಕಾವ್ಯದಲ್ಲಿ ಹಿರಿದಾದ ಸ್ಥಾನ ಕಲ್ಪಿಸಿದವನೂ ಇದೇ ಪಂಪ.

ಅರಸರ ಹೆಸರಿನಲ್ಲಿ ಸೂರ್ಯ

ಈಜಿಪ್ಟಿನ ಅರಸರು ತಮ್ಮನ್ನು ‘ರಾನ ಮಗ’ ಎಂದು ಕರೆದುಕೊಳ್ಳುತ್ತಿದ್ದರು. ರಾಮ್ಸೆಸ್ ಎಂಬ ಹೆಸರಿಗೆ ‘ರಾ ಇವನನ್ನು ಹೆತ್ತನು’ ಎಂಬ ಅರ್ಥವಿದೆ. ಅಲ್ಲಿ ಅದು ವಂಶದ ಹಕ್ಕು.

ಕನ್ನಡ ನಾಡಿನ ಅರಸರೂ ಸೂರ್ಯನ ಹೆಸರನ್ನು ಧರಿಸಿದರು. ಬಾದಾಮಿ ಚಾಲುಕ್ಯರಲ್ಲಿ ವಿಕ್ರಮಾದಿತ್ಯ, ವಿನಯಾದಿತ್ಯ, ವಿಜಯಾದಿತ್ಯ ಎಂಬ ಅರಸರು ಸಾಲಾಗಿ ಬರುತ್ತಾರೆ. ಕಲ್ಯಾಣದ ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದು ತನ್ನ ಹೆಸರಿನ ಚಾಲುಕ್ಯ ವಿಕ್ರಮ ಶಕೆಯನ್ನೇ ಆರಂಭಿಸಿದ. ಈ ಭಾಗದ ಅನೇಕ ಶಾಸನಗಳು ಆ ಶಕೆಯಲ್ಲಿವೆ. ಆದರೆ ವಿಕ್ರಮಾದಿತ್ಯ ಎಂದರೆ ಪರಾಕ್ರಮದಲ್ಲಿ ಸೂರ್ಯನಂತಿರುವವನು ಎಂದಷ್ಟೇ ಅರ್ಥ. ಸೂರ್ಯನ ಮಗ ಎಂದಲ್ಲ. ಕಲ್ಯಾಣ ಚಾಲುಕ್ಯರು ತಮ್ಮನ್ನು ಚಂದ್ರವಂಶದವರೆಂದು ಹೇಳಿಕೊಂಡಿದ್ದರು. ಹೆಸರಿನಲ್ಲಿ ಸೂರ್ಯ, ವಂಶದಲ್ಲಿ ಚಂದ್ರ! ಅವರ ಕಾಲದ ಕಲ್ಲುಗಳ ಮೇಲೆ ಇಬ್ಬರೂ ಜೊತೆಯಾಗಿಯೇ ಇದ್ದಾರೆ.

ಗುಡಿ ಕಡಿಮೆ, ಗುರುತು ಹೆಚ್ಚು

1997ರಲ್ಲಿ ವಿಭಜನೆಯಾಗುವವರೆಗೆ ಗದಗ ಮತ್ತು ಹಾವೇರಿ ಧಾರವಾಡ ಜಿಲ್ಲೆಯ ಭಾಗಗಳಾಗಿದ್ದವು. ಅಣ್ಣಿಗೇರಿಯಿಂದ ಗದಗ ದಾಟಿ ಮುಂದೆ ಹೋದರೆ ಸಿಗುವ ಲಕ್ಕುಂಡಿಯಲ್ಲಿ ಸೂರ್ಯನಿಗೆ ಮೀಸಲಾದ ಗುಡಿಯಿದೆ. ಅಲ್ಲಿನ ಪ್ರಸಿದ್ಧ ಕಾಶಿವಿಶ್ವೇಶ್ವರ ದೇವಾಲಯದಲ್ಲಿ ಎರಡು ಗುಡಿಗಳು ಒಂದೇ ಜಗತಿಯ ಮೇಲೆ ಎದುರುಬದುರಾಗಿ ನಿಂತಿವೆ. ದೊಡ್ಡದು ಶಿವನದು, ಚಿಕ್ಕದು ಸೂರ್ಯನದು. ಸೂರ್ಯನ ಗುಡಿ ಸಾಮಾನ್ಯವಾಗಿ ಪೂರ್ವಾಭಿಮುಖವಾಗಿರುತ್ತದೆ. ಇಲ್ಲಿ ಮಾತ್ರ ಅದು ಶಿವನಿಗೆ ಎದುರಾಗಿ ಪಶ್ಚಿಮಕ್ಕೆ ಮುಖ ಮಾಡಿದೆ.

ಐಹೊಳೆಯ ದುರ್ಗ ಗುಡಿಯ ಪ್ರಸಂಗ ಹೆಸರು ಹೇಗೆ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಉತ್ತಮ ನಿದರ್ಶನ. ಇದನ್ನು ದುರ್ಗಾದೇವಿಯ ಗುಡಿಯೆಂದು ಭಾವಿಸುವವರು ಬಹಳ. ವಾಸ್ತವವಾಗಿ ಈ ಹೆಸರು ಬಂದಿರುವುದು ಅದರ ಸುತ್ತ ಇದ್ದ ದುರ್ಗದಿಂದ, ಅಂದರೆ ಕೋಟೆಯಿಂದ. 1970ರ ದಶಕದಲ್ಲಿ ಅಲ್ಲಿನ ಶಾಸನಗಳ ಅಧ್ಯಯನ ನಡೆದಾಗ ಅದು ಮೂಲತಃ ಆದಿತ್ಯನ ಗುಡಿಯಾಗಿತ್ತೆಂಬ ಅಭಿಪ್ರಾಯ ವಿದ್ವಾಂಸರಲ್ಲಿ ಬಲವಾಯಿತು.

ದಕ್ಷಿಣದ ಸೂರ್ಯಮೂರ್ತಿಗಳನ್ನು ಗುರುತಿಸುವುದು ಸುಲಭ. ಎರಡು ಕೈಗಳಲ್ಲಿ ಹೆಗಲೆತ್ತರಕ್ಕೆ ಹಿಡಿದ ಎರಡು ಕಮಲಗಳು, ಪೀಠದಲ್ಲಿ ಏಳು ಕುದುರೆಗಳು, ಸಾರಥಿ ಅರುಣ, ಅಕ್ಕಪಕ್ಕದಲ್ಲಿ ಬಿಲ್ಲು ಹಿಡಿದು ಕತ್ತಲೆಯನ್ನು ಓಡಿಸುವ ಉಷಾ ಮತ್ತು ಪ್ರತ್ಯುಷಾ. ಉತ್ತರ ಭಾರತದ ಮೂರ್ತಿಗಳಲ್ಲಿ ಸೂರ್ಯ ಮೊಣಕಾಲಿನವರೆಗೆ ಪಾದರಕ್ಷೆ ಧರಿಸಿರುತ್ತಾನೆ, ದಕ್ಷಿಣದಲ್ಲಿ ಬರಿಗಾಲಿನಲ್ಲಿರುತ್ತಾನೆ.

ಆದರೆ ಶಾಸನದ ಕಲ್ಲಿನ ಮೇಲಿನ ಸೂರ್ಯನಿಗೆ ಕೈಯೂ ಇಲ್ಲ, ಕಾಲೂ ಇಲ್ಲ, ಮುಖವೂ ಇಲ್ಲ. ಅವನು ಬರಿಯ ಬಿಲ್ಲೆ. ಈಜಿಪ್ಟಿನಲ್ಲಿ ಕ್ರಿಸ್ತಪೂರ್ವ 14ನೇ ಶತಮಾನದ ಅರಸ ಅಖೆನಾತೆನ್ ದೇವರ ಮನುಷ್ಯಾಕೃತಿಯನ್ನು ಬದಿಗೊತ್ತಿ ‘ಆತೆನ್’, ಅಂದರೆ ಬಿಂಬ ಎಂಬ ಹೆಸರಿನಲ್ಲಿ ಸೂರ್ಯನನ್ನು ಪೂಜಿಸಲು ಆಜ್ಞಾಪಿಸಿದ. ಅವನ ಕಾಲ ಮುಗಿಯುತ್ತಲೇ ಆ ಪೂಜೆಯೂ ನಿಂತುಹೋಯಿತು. ಬೆಳ್ವೊಲದ ಬಿಲ್ಲೆಗೆ ಯಾರ ಆಜ್ಞೆಯೂ ಇರಲಿಲ್ಲ, ಪೂಜೆಯೂ ಇರಲಿಲ್ಲ. ಆದರೂ ಶತಮಾನಗಳುದ್ದಕ್ಕೂ ಕಲ್ಲಿನಿಂದ ಕಲ್ಲಿಗೆ ಅದು ಮುಂದುವರಿಯಿತು.

ಮೈಲಾರನ ಹೆಸರಿನಲ್ಲಿ ಮಾರ್ತಾಂಡ

ಈಜಿಪ್ಟಿನಲ್ಲಿ ‘ರಾ’ ಬೇರೆ ದೇವರುಗಳೊಂದಿಗೆ ಕೂಡಿಕೊಂಡು ‘ಆಮುನ್-ರಾ’ನಂತಹ ಜೋಡುಹೆಸರುಗಳನ್ನು ಪಡೆದ. ಕನ್ನಡ ನಾಡಿನಲ್ಲಿಯೂ ಇಂತಹ ಕೂಡಿಕೆ ಆಗಿದೆ. ವಿಷ್ಣುವಿನೊಂದಿಗೆ ಕೂಡಿ ಸೂರ್ಯನಾರಾಯಣನಾದ. ಶಿವನ ಕಡೆಯಿಂದ ಮಾರ್ತಾಂಡ ಭೈರವನಾದ.

ಮಾರ್ತಾಂಡ ಭೈರವ ಎಂಬುದು ಬಯಲುಸೀಮೆಯ ಜನಪ್ರಿಯ ದೈವ ಮೈಲಾರಲಿಂಗನ ಇನ್ನೊಂದು ಹೆಸರು. ಮಹಾರಾಷ್ಟ್ರದಲ್ಲಿ ಇವನೇ ಖಂಡೋಬಾ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಮತ್ತು ಹಾವೇರಿ ಜಿಲ್ಲೆಯ ದೇವರಗುಡ್ಡ ಇವನ ಪ್ರಸಿದ್ಧ ನೆಲೆಗಳು. ಭರತ ಹುಣ್ಣಿಮೆಯ ಸಮಯದಲ್ಲಿ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ಮಳೆಬೆಳೆಯ ಸೂಚನೆಯೆಂದು ಉತ್ತರ ಕರ್ನಾಟಕದ ರೈತರು ಕಿವಿಗೊಟ್ಟು ಕೇಳುತ್ತಾರೆ. ಮೈಲಾರನಿಗೆ ಮೀಸಲಾದ ವಾರ ರವಿವಾರ. ಭಕ್ತರು ಎರಚುವ ಭಂಡಾರ ಹೊಂಬಣ್ಣದ ಅರಿಶಿನ. ಹೆಸರು, ವಾರ, ಬಣ್ಣ ಮೂರರಲ್ಲೂ ಸೂರ್ಯನ ಗುರುತು ಎದ್ದು ಕಾಣುವುದನ್ನು ಜನಪದ ವಿದ್ವಾಂಸರು ಗಮನಿಸಿದ್ದಾರೆ.

ವಾರದಲ್ಲಿ, ಮಳೆಯಲ್ಲಿ

ಸೂರ್ಯನ ಹೆಸರು ಅತಿ ಹೆಚ್ಚು ಬಳಕೆಯಾಗುವುದು ಗುಡಿಯಲ್ಲಲ್ಲ, ವಾರದ ಲೆಕ್ಕದಲ್ಲಿ. ಶಾಸನಗಳ ‘ಆದಿತ್ಯವಾರ’, ‘ಆದಿವಾರ’ ಜನರ ಬಾಯಿಯಲ್ಲಿ ಸವೆದು ‘ಆಯ್ತವಾರ’, ‘ಐತವಾರ’ ಆಯಿತು. ಉತ್ತರ ಕರ್ನಾಟಕದ ಬರವಣಿಗೆಯಲ್ಲಿ ‘ರವಿವಾರ’ ರೂಢಿಯಾದರೆ, ಹಳೆಯ ಮೈಸೂರಿನ ಕಡೆ ‘ಭಾನುವಾರ’ ನೆಲೆಯೂರಿತು. ಮೂರೂ ಸೂರ್ಯನ ಹೆಸರುಗಳೇ. ಹಿರಿಯರ ಮಾತಿನಲ್ಲಿ ಐತವಾರ ಇನ್ನೂ ಇದೆ. ಕಿರಿಯರ ಮಾತಿನಲ್ಲಿ ‘ಸಂಡೇ’ ಹೆಚ್ಚು. ಅದರ ಅರ್ಥವೂ ಸೂರ್ಯನ ದಿನ ಎಂದೇ ಆಗಿರುವುದು ಸ್ವಾರಸ್ಯಕರ.

ಎರೆಭೂಮಿಯ ರೈತನ ಮಳೆಯ ಲೆಕ್ಕದಲ್ಲಿ ಸೂರ್ಯ ಹೆಸರಿಲ್ಲದೆ ಅಡಗಿದ್ದಾನೆ. ರೋಹಿಣಿ ಮಳೆ, ಮಿರಗದ ಮಳೆ, ಹಸ್ತದ ಮಳೆ, ಚಿತ್ತಿ ಮಳೆ, ಸ್ವಾತಿ ಮಳೆ ಎಂಬ ಹೆಸರುಗಳು ನಕ್ಷತ್ರಗಳವು. ಆದರೆ ರೋಹಿಣಿ ಮಳೆ ಎಂದರೆ ಸೂರ್ಯನು ರೋಹಿಣಿ ನಕ್ಷತ್ರದಲ್ಲಿರುವ ಅವಧಿಯ ಮಳೆ ಎಂದು ಅರ್ಥ. ಸೂರ್ಯ 27 ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುವುದರಿಂದ ಒಂದೊಂದಕ್ಕೆ ಸುಮಾರು 13ರಿಂದ 14 ದಿನ ದೊರೆಯುತ್ತದೆ. ಮೇ ಕೊನೆಯ ವಾರದಲ್ಲಿ ರೋಹಿಣಿ, ಜೂನ್ ಎರಡನೆಯ ವಾರದಲ್ಲಿ ಮಿರಗ, ಸೆಪ್ಟೆಂಬರ್ ಕೊನೆಯಲ್ಲಿ ಹಸ್ತ, ಅಕ್ಟೋಬರ್ ಎರಡನೆಯ ವಾರದಲ್ಲಿ ಚಿತ್ತಿ ಆರಂಭವಾಗುತ್ತವೆ. ತಿಥಿಯನ್ನು ನಿಶ್ಚಯಿಸುವವನು ಚಂದ್ರ. ಆದ್ದರಿಂದ ಹಬ್ಬಗಳು ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುತ್ತವೆ. ಮಳೆಯ ನಕ್ಷತ್ರಗಳನ್ನು ನಿಶ್ಚಯಿಸುವವನು ಸೂರ್ಯ. ಆದ್ದರಿಂದ ಅವು ಪ್ರತಿವರ್ಷ ಬಹುತೇಕ ಅದೇ ದಿನಾಂಕಕ್ಕೆ ಬರುತ್ತವೆ. ಹಿಂಗಾರಿ ಜೋಳ, ಕಡಲೆ ಬಿತ್ತುವ ನವಲಗುಂದ, ಅಣ್ಣಿಗೇರಿ ರೈತನಿಗೆ ಬೇಕಾದುದು ಈ ಸ್ಥಿರತೆಯೇ. ಮಲೆನಾಡಿನ ಸೆರಗಿನಲ್ಲಿರುವ ಕಲಘಟಗಿಯಲ್ಲಿ ಬೆಳೆ ಬೇರೆ, ಭತ್ತದ ಗದ್ದೆಗಳು ಹೆಚ್ಚು. ಆದರೆ ಮಳೆಯ ಹೆಸರುಗಳು ಅವೇ.

ಉಳಿಯಬೇಕಾದ ಸಾಕ್ಷಿ

ಧಾರವಾಡ ಸೀಮೆಯ ಶಾಸನಗಳ ಸಂಗ್ರಹಕ್ಕೆ 19ನೇ ಶತಮಾನದಲ್ಲೇ ಚಾಲನೆ ದೊರೆಯಿತು. ಬ್ರಿಟಿಷ್ ಅಧಿಕಾರಿಗಳಾಗಿದ್ದ ವಾಲ್ಟರ್ ಎಲಿಯಟ್ ಮತ್ತು ಜೆ.ಎಫ್. ಫ್ಲೀಟ್ ಈ ಕೆಲಸದ ಮೊದಲಿಗರು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಆರಂಭವಾಗಿ, ಆರ್.ಎಸ್. ಪಂಚಮುಖಿ ಅವರ ನೇತೃತ್ವದಲ್ಲಿ ಶಾಸನ ಸಂಪುಟಗಳು ಹೊರಬಂದವು. ಹೀಗೆ ಪುಸ್ತಕಕ್ಕೆ ಏರಿದ ಪಾಠಗಳು ಸುರಕ್ಷಿತವಾಗಿವೆ.

ಕಲ್ಲುಗಳ ಸ್ಥಿತಿ ಹಾಗಿಲ್ಲ. ಸಂರಕ್ಷಿತ ದೇವಾಲಯಗಳ ಆವರಣದಲ್ಲಿರುವವು ಹೇಗೋ ನಿಂತಿವೆ. ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಊರ ಅಗಸಿಯಲ್ಲಿರುವ ಕಲ್ಲುಗಳಿಗೆ ಆ ಭಾಗ್ಯವಿಲ್ಲ. ಕೆಲವು ಗೋಡೆಗೆ ಸೇರಿವೆ, ಕೆಲವು ಮೆಟ್ಟಿಲಾಗಿವೆ, ಕೆಲವು ಬಟ್ಟೆ ಒಗೆಯುವ ಬಂಡೆಯಾಗಿವೆ. ಇನ್ನು ಕೆಲವನ್ನು ಊರವರೇ ದೇವರೆಂದು ಭಾವಿಸಿ ಎಣ್ಣೆ, ಅರಿಶಿನ ಬಳಿದು ಪೂಜಿಸುತ್ತಾರೆ. ಭಕ್ತಿ ಕಲ್ಲನ್ನು ಕಾಯುತ್ತದೆ, ಎಣ್ಣೆ ಅಕ್ಷರವನ್ನು ಮುಚ್ಚುತ್ತದೆ. ಕಲ್ಲು ಒಡೆದರೆ ಹೋಗುವುದು ಕಲೆಯ ಒಂದು ತುಣುಕು ಮಾತ್ರವಲ್ಲ. ಆ ಊರಿನ ಹಳೆಯ ಹೆಸರು, ಕೆರೆ ಕಟ್ಟಿಸಿದವನ ಹೆಸರು, ಹೊಲದ ಅಳತೆ, ಎಲ್ಲೆಯ ಗುರುತು ಒಮ್ಮೆಗೇ ಅಳಿಸಿಹೋಗುತ್ತವೆ. ಬಹಳಷ್ಟು ಹಳ್ಳಿಗಳಿಗೆ ಅವುಗಳ ಚರಿತ್ರೆಯ ಏಕೈಕ ದಾಖಲೆ ಅದೇ ಕಲ್ಲು.

ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುವ ಕಾರ್ಯವನ್ನು 2021ರಲ್ಲಿ ಕೈಗೆತ್ತಿಕೊಂಡಿತು. ಸವೆದು ಕಣ್ಣಿಗೆ ಕಾಣದ ಅಕ್ಷರಗಳನ್ನೂ ಈ ವಿಧಾನದಿಂದ ಓದಬಹುದು. ಬೆಳ್ವೊಲದ ಕಲ್ಲುಗಳಿಗೂ ಇಂತಹ ಆರೈಕೆ ಸಲ್ಲಬೇಕಾದುದು ಅಗತ್ಯ.

ಇಂದಿನ ಹೊಲದ ದಾಖಲೆ ಪಹಣಿ. ಅದರಲ್ಲಿ ಸರ್ವೆ ನಂಬರಿದೆ, ಎಕರೆ ಗುಂಟೆಗಳ ಲೆಕ್ಕವಿದೆ, ಸೂರ್ಯಚಂದ್ರರಿಲ್ಲ. ಸಾವಿರ ವರ್ಷಗಳ ಹಿಂದೆ ಅದೇ ಹೊಲವನ್ನು ಬರೆದುಕೊಟ್ಟವರು ಕಾಲಕ್ಕೆ ಮಿತಿ ಹಾಕಲಿಲ್ಲ. ‘ರಾ’ನ ಗುಡಿಗಳು ಪಾಳುಬಿದ್ದವು, ಅವನನ್ನು ಪೂಜಿಸುವವರು ಇಂದು ಈಜಿಪ್ಟಿನಲ್ಲಿಲ್ಲ. ಬೆಳ್ವೊಲದ ಬಿಲ್ಲೆಗೆ ಮೊದಲಿನಿಂದಲೂ ಪೂಜೆಯ ಹಂಗಿರಲಿಲ್ಲ. ಕಲ್ಲು ನಿಂತಿರುವವರೆಗೆ ಅದರ ಸಾಕ್ಷಿ ನಡೆಯುತ್ತದೆ. ಕಲ್ಲನ್ನು ನಿಲ್ಲಿಸಿಕೊಳ್ಳುವುದು ಮಾತ್ರ ಊರಿನವರ ಕೈಯಲ್ಲಿದೆ.